ಹರಿಕೇನ್ ಬಂದಾಗ ಮನೆಯಲ್ಲೇ ಇರಬಹುದಾ? ಮೊದಲು ನೀರಿನ ಲೆಕ್ಕ ಹಾಕಿ

ಪ್ರಶ್ನೆ: ಮೇಡಂ, ನಾವು ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದೇವೆ. ಒಂದೇ ಅಂತಸ್ತಿನ ಕಾಂಕ್ರೀಟ್ ಬ್ಲಾಕ್ ಮನೆ, ಸಮುದ್ರ ಮಟ್ಟದಿಂದ 9 ಅಡಿ ಎತ್ತರದಲ್ಲಿದೆ. ಇವ್ಯಾಕುಯೇಷನ್ ಝೋನ್ ಬಿ, ಅಂದರೆ ಝೋನ್ ಎಯವರ ನಂತರ ಮನೆ ಬಿಟ್ಟು ಹೊರಡಬೇಕಾದ ವಲಯ. ಕಿಟಕಿಗಳಿಗೆಲ್ಲ ಇಂಪ್ಯಾಕ್ಟ್ ಗ್ಲಾಸ್ ಹಾಕಿಸಿದ್ದೇವೆ. 2024ರಲ್ಲಿ ಹೆಲೀನ್ ಹರಿಕೇನ್ ಬಂದಾಗ ಝೋನ್ ಎಯವರಿಗೆ ಮಾತ್ರ ಹೊರಡಿ ಅಂದಿದ್ದರು. ನಾವು ಮನೆಯಲ್ಲೇ ಇದ್ದೆವು, ನೀರು ಎರಡು ಬೀದಿ ಆಚೆಗೇ ನಿಂತಿತು. ಎರಡು ವಾರದೊಳಗೆ ಮಿಲ್ಟನ್ ಬಂತು. ಆಗ ನಮಗೂ ಆದೇಶ ಬಂತು, ಜಾರ್ಜಿಯಾಗೆ ಹೊರಟೆವು. ಟ್ರಾಫಿಕ್‌ನಲ್ಲಿ 14 ಗಂಟೆ ಹಿಡಿಯಿತು. ವಾಪಸ್ ಬಂದು ನೋಡಿದರೆ ಮನೆಗೆ ಏನೂ ಆಗಿರಲಿಲ್ಲ. ಈಗ ಊರಿಂದ ಅಪ್ಪ-ಅಮ್ಮ ಬರುವವರಿದ್ದಾರೆ, ನವೆಂಬರ್‌ವರೆಗೆ ಇರುತ್ತಾರೆ. ಅಪ್ಪ ಇನ್ಸುಲಿನ್ ತಗೊಳ್ತಾರೆ, ಅಮ್ಮನಿಗೆ ಮಂಡಿ ನೋವು. ಅವರನ್ನು ಅಷ್ಟು ಹೊತ್ತು ಕಾರಲ್ಲಿ ಕೂರಿಸೋದು ಆಗದ ಮಾತು. ಪಕ್ಕದ ಮನೆಯ ಹಿರಿಯರು 30 ವರ್ಷದಿಂದ ಇಲ್ಲಿದ್ದಾರೆ. "ಕೆಟಗರಿ 3ರವರೆಗೆ ಯೋಚನೆ ಮಾಡಬೇಡಿ" ಅಂತಾರೆ. ಕೆಟಗರಿ 1, 2 ಆದರೆ ಮನೆಯಲ್ಲೇ ಇದ್ದುಬಿಡೋಣ ಅಂತ ನಾನು, ನನ್ನ ಗಂಡ ಅಂದುಕೊಂಡಿದ್ದೇವೆ. ಸರಿನಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಮಾತು ಬೆರೆತಿವೆ. ವಯಸ್ಸಾದವರನ್ನು ಕರ್ಕೊಂಡು ಮತ್ತೆ 14 ಗಂಟೆ ರಸ್ತೆಯಲ್ಲಿ ಒದ್ದಾಡಬೇಕಾ ಅನ್ನೋದು ಒಂದು. ಮನೆ ಗಟ್ಟಿಯಾಗಿದೆಯಲ್ಲ, ಸಣ್ಣ ಹರಿಕೇನ್‌ಗೆ ಯಾಕೆ ಓಡಬೇಕು ಅನ್ನೋದು ಇನ್ನೊಂದು. ಮೊದಲನೆಯದು ನ್ಯಾಯವಾದ ಚಿಂತೆ, ಅದಕ್ಕೆ ದಾರಿ ಇದೆ. ಎರಡನೆಯದರಲ್ಲಿ ಲೆಕ್ಕ ತಪ್ಪಿದೆ. ನೇರವಾಗಿ ಹೇಳ್ತೀನಿ: ಕೆಟಗರಿ ನೋಡಿ ತೀರ್ಮಾನ ಮಾಡಬೇಡಿ. ಝೋನ್ ಬಿಗೆ ಆದೇಶ ಬಂದರೆ ಹೊರಡಿ, ಕೆಟಗರಿ 1 ಆದರೂ. ಆದರೆ ಜಾರ್ಜಿಯಾವರೆಗೆ ಹೋಗಬೇಕಾಗಿಲ್ಲ.

ಕೆಟಗರಿ ಅಂದರೆ ಗಾಳಿಯ ವೇಗ, ಅಷ್ಟೇ. ಗಂಟೆಗೆ 74ರಿಂದ 95 ಮೈಲಿ ಇದ್ದರೆ 1, 111 ಮುಟ್ಟಿದರೆ 3, 157 ಮುಟ್ಟಿದರೆ 5. ಮೊದಲು ಆ ಪಟ್ಟಿಯಲ್ಲಿ ಪ್ರತಿ ಕೆಟಗರಿಯ ಮುಂದೆ ಸಮುದ್ರ ಎಷ್ಟು ಅಡಿ ಉಕ್ಕಬಹುದು ಅಂತಲೂ ಬರೆದಿರುತ್ತಿತ್ತು. ಜನ ಅದನ್ನು ನಂಬಿ ಮೋಸ ಹೋಗುತ್ತಿದ್ದರು. 2010ರಲ್ಲಿ ಅದನ್ನು ತೆಗೆದುಹಾಕಿದರು. ಯಾಕೆಂದರೆ ಗಾಳಿಯ ವೇಗಕ್ಕೂ ಬರುವ ನೀರಿಗೂ ನೇರ ಸಂಬಂಧ ಇಲ್ಲ. 2008ರ ಐಕ್ ಟೆಕ್ಸಸ್ ತೀರಕ್ಕೆ ಬಂದಾಗ ಬರೀ ಕೆಟಗರಿ 2. ಆದರೂ ಬೊಲಿವರ್ ಪೆನಿನ್ಸುಲಾದಲ್ಲಿ ಸಾಲುಸಾಲು ಮನೆ ಕೊಚ್ಚಿಹೋದವು, ಕೆಲವು ಕಡೆ ನೆಲದಲ್ಲಿ ನೆಟ್ಟ ಕಂಬಗಳು ಮಾತ್ರ ಉಳಿದವು. ಮಿಸಿಸಿಪ್ಪಿ ತೀರದಲ್ಲಿ 1969ರ ಕಮಿಲ್ ಕೆಟಗರಿ 5, 2005ರ ಕತ್ರೀನಾ ಕೆಟಗರಿ 3. ನೀರು ಜಾಸ್ತಿ ಬಂದಿದ್ದು ಕತ್ರೀನಾದಲ್ಲಿ, ಸುಮಾರು 28 ಅಡಿ. "ಕಮಿಲ್‌ಗೇ ಈ ಮನೆ ಅಲ್ಲಾಡಲಿಲ್ಲ" ಅಂತ ಉಳಿದುಕೊಂಡವರಲ್ಲಿ ಎಷ್ಟೋ ಜನ ಕತ್ರೀನಾದಲ್ಲಿ ತೀರಿಕೊಂಡರು. ನಿಮ್ಮ ಪಕ್ಕದ ಮನೆಯವರ ಮಾತು ಓದಿದಾಗ ನನಗೆ ನೆನಪಾಗಿದ್ದು ಇದೇ.

ಹಾಗಾದರೆ ಇಷ್ಟೊಂದು ನೀರು ಎಲ್ಲಿಂದ ಬರುತ್ತೆ? ಹರಿಕೇನ್ ಮಧ್ಯದಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಸಮುದ್ರ ಮೇಲೇಳುತ್ತೆ ಅಂತ ಜನ ಅಂದುಕೊಂಡಿದ್ದಾರೆ. ಅದು ಸ್ವಲ್ಪ ಮಟ್ಟಿಗೆ ನಿಜ. ಒತ್ತಡ ಒಂದು ಮಿಲಿಬಾರ್ ಇಳಿದರೆ ನೀರು ಒಂದು ಸೆಂಟಿಮೀಟರ್ ಏರುತ್ತೆ. ಜೋರಾದ ಹರಿಕೇನ್‌ನಲ್ಲೂ ಇದರಿಂದ ಎರಡು-ಮೂರು ಅಡಿ ಏರಬಹುದು, ಅದಕ್ಕಿಂತ ಜಾಸ್ತಿ ಇಲ್ಲ. ಉಳಿದದ್ದೆಲ್ಲ ಗಾಳಿ ಗಂಟೆಗಟ್ಟಲೆ ನೀರನ್ನು ತೀರಕ್ಕೆ ತಳ್ಳುವುದರಿಂದ ಬರುವುದು. ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ಒಂದು ಕಡೆಯಿಂದ ಜೋರಾಗಿ ಊದಿ ನೋಡಿ, ಆ ಕಡೆ ಅಂಚಿನಲ್ಲಿ ತುಳುಕುತ್ತೆ. ಫ್ಲಾರಿಡಾದ ಪಶ್ಚಿಮ ತೀರ ಅಂಥದ್ದೇ. ನೂರು ಕಿಲೋಮೀಟರಿಗೂ ಹೆಚ್ಚು ದೂರ ಸಮುದ್ರದ ಆಳ ಕಡಿಮೆ. ತಳ್ಳಿದ ನೀರಿಗೆ ಕೆಳಗೆ ಹೋಗಲು ಜಾಗ ಇಲ್ಲ, ಮೇಲೇರಿ ಒಳನುಗ್ಗುತ್ತೆ. ಇದಕ್ಕೇ ಸ್ಟಾರ್ಮ್ ಸರ್ಜ್ ಅನ್ನೋದು. ಅಮೆರಿಕದಲ್ಲಿ 1963ರಿಂದ 2012ರವರೆಗೆ ಇಂಥ ಬಿರುಗಾಳಿಗಳಿಗೆ ನೇರವಾಗಿ ಬಲಿಯಾದವರಲ್ಲಿ ಶೇಕಡ 90ರಷ್ಟು ಜನ ಸತ್ತಿದ್ದು ನೀರಿನಿಂದ. ಅದರಲ್ಲಿ ಸರ್ಜ್ ಒಂದರ ಪಾಲೇ ಹೆಚ್ಚುಕಡಿಮೆ ಅರ್ಧ.

ಈಗ ಮಿಲ್ಟನ್ ವಿಷಯಕ್ಕೆ ಬರೋಣ. "ಏನೂ ಆಗಲಿಲ್ಲ" ಅಂದಿರಿ. ಆಗದೇ ಇದ್ದದ್ದು ಯಾಕೆ ಅಂತ ಗೊತ್ತಾಗಬೇಕು, ಇಲ್ಲದಿದ್ದರೆ ಅದರಿಂದ ತಪ್ಪು ಪಾಠ ಕಲಿಯುತ್ತೀರಿ. ಉತ್ತರ ಗೋಳಾರ್ಧದಲ್ಲಿ ಹರಿಕೇನ್ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತೆ. ಪಶ್ಚಿಮದಿಂದ ಬಂದು ನಿಮ್ಮ ತೀರಕ್ಕೆ ಅಪ್ಪಳಿಸುವಾಗ ಅದರ ಕಣ್ಣಿನ, ಅಂದರೆ ನಡುಮಧ್ಯದ, ದಕ್ಷಿಣಕ್ಕಿರುವವರ ಕಡೆಗೆ ಗಾಳಿ ಸಮುದ್ರದಿಂದ ಬೀಸುತ್ತೆ. ಉತ್ತರಕ್ಕಿರುವವರಿಗೆ ನೆಲದಿಂದ ಸಮುದ್ರದ ಕಡೆಗೆ. 2024ರ ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ನೆಲ ಮುಟ್ಟಿದ್ದು ಸಿಯೆಸ್ಟಾ ಕೀಯಲ್ಲಿ, ನಿಮ್ಮಿಂದ ದಕ್ಷಿಣಕ್ಕೆ. ಹಾಗಾಗಿ ನಿಮ್ಮೂರಿನ ಪಕ್ಕದ ಕೊಲ್ಲಿ ಟ್ಯಾಂಪಾ ಬೇಯ ನೀರನ್ನು ಗಾಳಿ ಹೊರಕ್ಕೆ ತಳ್ಳಿತು, ಕೊಲ್ಲಿಯ ತಳ ಕಾಣಿಸಿತು. 2022ರಲ್ಲಿ ಇಯಾನ್ ಬಂದಾಗಲೂ ಹೀಗೇ ಆಗಿತ್ತು. ಎರಡು ದಿನ ಮೊದಲು ಎಲ್ಲರ ಕಣ್ಣು ಟ್ಯಾಂಪಾ ಮೇಲೆ ಇತ್ತು. ಅದು ದಕ್ಷಿಣಕ್ಕೆ ವಾಲಿತು, ಫೋರ್ಟ್ ಮೈಯರ್ಸ್ ಬೀಚ್ ಮೇಲೆ 10ರಿಂದ 15 ಅಡಿ ನೀರು ಹತ್ತಿತು. ಮಿಲ್ಟನ್‌ಗೂ ಒಂದು ಹಂತದಲ್ಲಿ ಟ್ಯಾಂಪಾ ಬೇಗೆ 10ರಿಂದ 15 ಅಡಿ ಅಂತಲೇ ಮುನ್ಸೂಚನೆ ಇದ್ದದ್ದು. ಕಣ್ಣು ಸುಮಾರು ಮೂವತ್ತು-ನಲವತ್ತು ಮೈಲಿ ಉತ್ತರಕ್ಕೆ ಬಂದಿದ್ದರೆ ಕಥೆ ಬೇರೆ. ಅಷ್ಟು ದೊಡ್ಡ ಬಿರುಗಾಳಿಗೆ ಆ ದೂರ ಏನೇನೂ ಅಲ್ಲ.

ಆ 10-15 ಅಡಿಯನ್ನು ನಿಮ್ಮ ಮನೆಗೆ ಹಾಕಿ ನೋಡೋಣ. ಮುನ್ಸೂಚನೆಯಲ್ಲಿ ಹೇಳುವ ಅಡಿ ಸಮುದ್ರ ಮಟ್ಟದಿಂದ ಅಲ್ಲ, ತೀರದಲ್ಲಿ ಸಾಮಾನ್ಯವಾಗಿ ಒಣಗಿರುವ ನೆಲದಿಂದ. ಅಂದರೆ ದಿನನಿತ್ಯದ ಉಬ್ಬರ ಮುಟ್ಟುವ ಜಾಗಕ್ಕಿಂತ ಮೇಲೆ. ಅದು ಸಮುದ್ರ ಮಟ್ಟಕ್ಕಿಂತ ಆಗಲೇ ಒಂದಡಿ, ಒಂದೂವರೆ ಅಡಿ ಮೇಲಿರುತ್ತೆ. "10 ಅಡಿ ಬರುತ್ತೆ, ನಾವು 9 ಅಡಿಯಲ್ಲಿದ್ದೇವೆ, ಒಂದು ಅಡಿ ತಾನೇ" ಅಂತ ತುಂಬಾ ಜನ ಲೆಕ್ಕ ಹಾಕ್ತಾರೆ. ಹಾಗಲ್ಲ. 10 ಅಡಿ ಬಂದರೆ ನಿಮ್ಮ ಅಂಗಳದಲ್ಲಿ ಎರಡಡಿ ಮೀರಬಹುದು. 15 ಬಂದರೆ ಏಳಡಿ ಹತ್ತಿರ. ಅದರ ಮೇಲೆ ಅಲೆ ಬೇರೆ. ನೀವು ಹೇಳಿದ 9 ಅಡಿ ಅಂಗಳದ್ದೋ ಮನೆಯ ನೆಲದ್ದೋ ಅನ್ನೋದನ್ನೂ ನೋಡಿಕೊಳ್ಳಿ. ಎಲಿವೇಷನ್ ಸರ್ಟಿಫಿಕೇಟ್ (ಮನೆಯ ಎತ್ತರ ಅಳೆದು ಕೊಡುವ ಕಾಗದ) ಇದ್ದರೆ ಅದರಲ್ಲಿ ಎರಡೂ ಬರೆದಿರುತ್ತೆ.

ಎರಡಡಿ ನೀರು ಅಂದರೆ ಏನು ಅಂತ ಕಣ್ಣಿಗೆ ಕಟ್ಟುವ ಹಾಗೆ ಹೇಳಬೇಕು, ಯಾಕೆಂದರೆ ಮಂಡಿ ಮಟ್ಟ ತಾನೇ ಅನ್ನಿಸುತ್ತೆ. ಬಾಗಿಲಿನಿಂದ ಬರುವ ಮೊದಲೇ ಎಷ್ಟೋ ಮನೆಗಳಲ್ಲಿ ಅದು ಬಚ್ಚಲಿನ ತೂತಿನಿಂದ, ಟಾಯ್ಲೆಟ್‌ನಿಂದ ಉಕ್ಕಲು ಶುರುವಾಗುತ್ತೆ. ಆ ಹೊತ್ತಿಗೆ ಕರೆಂಟ್ ಹೋಗಿರುತ್ತೆ. ಸ್ವಲ್ಪ ಏರಿದ ಮೇಲೆ ಫ್ರಿಜ್ ತೇಲಿ ಪಕ್ಕಕ್ಕೆ ಬೀಳುತ್ತೆ. ಬಿದ್ದರೆ ಅಡುಗೆಮನೆಯ ದಾರಿ ಮುಚ್ಚುತ್ತೆ. ಇನ್ನು ಹೊರಬಾಗಿಲು. ಗಾಳಿಗೆ ತಡೆಯಲಿ ಅಂತ ಫ್ಲಾರಿಡಾದಲ್ಲಿ ಎಷ್ಟೋ ಮನೆಗಳಿಗೆ ಹೊರಕ್ಕೆ ತೆರೆಯುವ ಬಾಗಿಲು ಇಟ್ಟಿರುತ್ತಾರೆ. ಹೊರಗೆ ಎರಡಡಿ ನೀರು ನಿಂತು ಒಳಗೆ ಇನ್ನೂ ಬಂದಿರದಿದ್ದರೆ, ಮೂರಡಿ ಅಗಲದ ಬಾಗಿಲನ್ನು ಅದು 150 ಕಿಲೋಗಿಂತ ಜಾಸ್ತಿ ಭಾರದಿಂದ ಒತ್ತಿ ಹಿಡಿದಿರುತ್ತೆ. ಕಿಟಕಿ ಒಡೆದು ಹೋಗೋಣ ಅಂದರೆ ನಿಮ್ಮದು ಇಂಪ್ಯಾಕ್ಟ್ ಗ್ಲಾಸ್. ಹೊರಗಿನಿಂದ ಬಂದು ಬೀಳುವ ಮರದ ತುಂಡನ್ನು ತಡೆಯುವ ಗಾಜು ಒಳಗಿನಿಂದ ಹೊಡೆದರೂ ಬಿಟ್ಟುಕೊಡುವುದಿಲ್ಲ. ಮನೆಗೆ ಮಹಡಿ ಇಲ್ಲ. ಅಟ್ಟಕ್ಕೆ ಏಣಿ ಹತ್ತೋಣ ಅಂದರೆ ಅಮ್ಮನ ಮಂಡಿ ಒಪ್ಪಬೇಕಲ್ಲ. ಹತ್ತಿದರೂ ಅಟ್ಟಕ್ಕೆ ಹೊರದಾರಿ ಇರುವುದಿಲ್ಲ. ಕತ್ರೀನಾದಲ್ಲಿ ನ್ಯೂ ಆರ್ಲಿಯನ್ಸ್‌ನ ಎಷ್ಟೋ ಜನ ಅಟ್ಟ ಹತ್ತಿ ಅಲ್ಲೇ ಸಿಕ್ಕಿಹಾಕಿಕೊಂಡರು. ತುರ್ತು ಸಹಾಯಕ್ಕೆ 911ಗೆ ಫೋನ್ ಮಾಡಿದರೂ ಗಾಳಿ ಗಂಟೆಗೆ 40-45 ಮೈಲಿ ದಾಟಿದ ಮೇಲೆ ಸಾಮಾನ್ಯವಾಗಿ ಗಾಡಿ ಕಳಿಸುವುದಿಲ್ಲ. ಕಳಿಸಲು ಆಗುವುದಿಲ್ಲ.

ಹೆದರಿಸಬೇಕು ಅಂತ ಇದನ್ನು ಹೇಳುತ್ತಿಲ್ಲ. ಹೆಲೀನ್‌ನಲ್ಲಿ ನಿಮ್ಮದೇ ಪಿನೆಲಸ್ ಕೌಂಟಿಯಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಅದರ ಕಣ್ಣು ನಿಮ್ಮಿಂದ ನೂರು ಮೈಲಿಗೂ ಹೆಚ್ಚು ದೂರ ಸಮುದ್ರದಲ್ಲೇ ಹಾದುಹೋಗಿತ್ತು. ನೀರು ಎರಡು ಬೀದಿ ಆಚೆಗೆ ನಿಂತಿದ್ದನ್ನು ನೀವು ಧೈರ್ಯಕ್ಕೆ ಆಧಾರ ಮಾಡಿಕೊಂಡಿದ್ದೀರಿ. ನನಗೆ ಅದು ಉಲ್ಟಾ ಕಾಣುತ್ತೆ: ನೂರು ಮೈಲಿ ಆಚೆ ಹೋದದ್ದೇ ಎರಡು ಬೀದಿ ಹತ್ತಿರ ಬಂತು. ಪಕ್ಕದ ಮನೆಯವರ 30 ವರ್ಷದ ಅನುಭವವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಟ್ಯಾಂಪಾ ಬೇಗೆ ದೊಡ್ಡ ಹರಿಕೇನ್ ಕೊನೆಯ ಸಲ ನೇರವಾಗಿ ಬಡಿದದ್ದು 1921ರಲ್ಲಿ. ಆಗ 10-12 ಅಡಿ ನೀರು ಬಂದಿತ್ತು. ಅದನ್ನು ನೋಡಿದವರು ಈಗ ಯಾರೂ ಇಲ್ಲ. ಹಳೆಯ ಮೂಲನಿವಾಸಿಗಳ ಸಮಾಧಿ ದಿಬ್ಬಗಳು ಊರನ್ನು ಕಾಯುತ್ತವೆ ಅನ್ನುವ ನಂಬಿಕೆ ಅಲ್ಲಿ ಇನ್ನೂ ಇದೆ. ನಂಬುವವರನ್ನು ನೋಯಿಸುವುದು ಬೇಡ, ಆದರೆ ಅದರ ಮೇಲೆ ಅಪ್ಪ-ಅಮ್ಮನ ಜೀವ ಇಡಬೇಡಿ.

ನಿಮ್ಮ ಮನೆ ಗಟ್ಟಿ ಅನ್ನೋದು ಸುಳ್ಳಲ್ಲ. ಗಾಳಿಯ ಮಟ್ಟಿಗೆ ಅದು ಒಳ್ಳೆಯ ಮನೆ. 1992ರಲ್ಲಿ ಆಂಡ್ರೂ ದಕ್ಷಿಣ ಫ್ಲಾರಿಡಾವನ್ನು ನೆಲಸಮ ಮಾಡಿದ ಮೇಲೆ ಕಟ್ಟಡ ನಿಯಮ ಬಿಗಿಯಾಯಿತು, 2002ರಿಂದ ಇಡೀ ರಾಜ್ಯಕ್ಕೆ ಒಂದೇ ಕೋಡ್ ಬಂತು. ಮನೆ ಅದಕ್ಕಿಂತ ಹಳೆಯದಾದರೆ ಎರಡು ವಿಷಯ ನೋಡಿಸಿ. ಚಾವಣಿಯನ್ನು ಗೋಡೆಗೆ ಕಟ್ಟುವ ಲೋಹದ ಪಟ್ಟಿಗಳು ಇವೆಯಾ? ಗ್ಯಾರೇಜ್ ಬಾಗಿಲು ಹರಿಕೇನ್ ಗಾಳಿಗೆ ತಡೆಯುವಂಥದ್ದಾ? ಕಿಟಕಿಗೆಲ್ಲ ದುಡ್ಡು ಹಾಕಿ ಗ್ಯಾರೇಜ್ ಬಾಗಿಲನ್ನು ಮರೆಯುವವರು ಜಾಸ್ತಿ. ಅದು ಒಳಕ್ಕೆ ಕುಸಿದರೆ ಗಾಳಿ ಒಳನುಗ್ಗಿ ಚಾವಣಿಯನ್ನು ಕೆಳಗಿನಿಂದ ಎತ್ತುತ್ತೆ. ಕಿಟಕಿಗೆ ಟೇಪ್ ಅಂಟಿಸುವುದು, ಒತ್ತಡ ಸಮ ಆಗಲಿ ಅಂತ ಒಂದು ಕಿಟಕಿ ತೆರೆದಿಡುವುದು, ಇವೆರಡೂ ಹಳೆಯ ತಪ್ಪು ನಂಬಿಕೆಗಳು. ಎರಡನೆಯದಂತೂ ಗಾಳಿಯನ್ನು ನಾವೇ ಒಳಗೆ ಕರೆದಂತೆ.

ಆದರೆ ಕಾಂಕ್ರೀಟ್ ಗೋಡೆ ನೀರನ್ನು ತಡೆಯುವುದಿಲ್ಲ. ಹರಿಕೇನ್ ಬಗ್ಗೆ ಜನರನ್ನು ಎಚ್ಚರಿಸುವ ಕೆಲಸದಲ್ಲಿರುವ ನಾವು ದಿನಾ ಹೇಳುವ ಮಾತು ಒಂದೇ: ಗಾಳಿ ಬಂದರೆ ಅಡಗಿಕೋ, ನೀರು ಬಂದರೆ ಓಡು. ಇವ್ಯಾಕುಯೇಷನ್ ಝೋನ್‌ಗಳನ್ನು ಹಾಕಿರುವುದೇ ನೀರಿನ ಲೆಕ್ಕದ ಮೇಲೆ. ಬೇರೆ ಬೇರೆ ದಿಕ್ಕಿನಿಂದ, ಬೇರೆ ಬೇರೆ ವೇಗದಲ್ಲಿ ಬರುವ ಸಾವಿರಾರು ಕಾಲ್ಪನಿಕ ಹರಿಕೇನ್‌ಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ, ಯಾವ ಬೀದಿಗೆ ಎಷ್ಟು ಬೇಗ ನೀರು ಬರುತ್ತೆ ಅಂತ ನೋಡಿ ಗುರುತಿಸುತ್ತಾರೆ. ಇದಕ್ಕೂ ಫ್ಲಡ್ ಝೋನ್‌ಗೂ ಸಂಬಂಧ ಇಲ್ಲ. ಮನೆ ಕೊಳ್ಳುವಾಗ ಬ್ಯಾಂಕಿನವರು ಎಕ್ಸ್, ಎಇ, ವಿಇ ಅಂತ ಹೇಳೋದು ಇನ್ಶೂರೆನ್ಸ್‌ಗೆ. "ನಮ್ಮದು ಎಕ್ಸ್, ಹಾಗಾಗಿ ಹೊರಡಬೇಕಾಗಿಲ್ಲ" ಅನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೀನೋ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಝೋನ್ ನಕ್ಷೆ ಆಗಾಗ ಬದಲಾಗುತ್ತೆ, ಪ್ರತಿ ವರ್ಷ ಕೌಂಟಿಯ ಸೈಟ್‌ನಲ್ಲಿ ವಿಳಾಸ ಹಾಕಿ ಒಮ್ಮೆ ನೋಡಿಕೊಳ್ಳಿ.

ಈಗ ಹೊರಡುವ ಮಾತು. ಹೊರಡುವುದರಲ್ಲೂ ಅಪಾಯ ಇದೆ, ಅದನ್ನು ಮುಚ್ಚಿಡಬಾರದು. 2005ರಲ್ಲಿ ರೀಟಾಗೆ ಹೆದರಿ ಹ್ಯೂಸ್ಟನ್ ಸುತ್ತಮುತ್ತಲಿಂದ ಲಕ್ಷಾಂತರ ಜನ ಒಟ್ಟಿಗೆ ರಸ್ತೆಗಿಳಿದರು. ಬಿಸಿಲು, ಟ್ರಾಫಿಕ್, ಪೆಟ್ರೋಲ್ ಇಲ್ಲ. ವೃದ್ಧಾಶ್ರಮದವರನ್ನು ಕರೆದೊಯ್ಯುತ್ತಿದ್ದ ಬಸ್ಸಿಗೆ ಬೆಂಕಿ ಹತ್ತಿ 23 ಜನ ಸತ್ತರು. ಅವತ್ತು ಹೊರಟವರಲ್ಲಿ ಬಹಳ ಜನ ನೀರು ಬರುವ ಜಾಗದವರೇ ಅಲ್ಲ. ಅಲ್ಲಿಂದ ಈಚೆಗೆ ನಾವು ಹೇಳುತ್ತಿರುವುದು ನೂರಾರು ಮೈಲಿ ಬೇಡ, ಕೆಲವು ಮೈಲಿ ಸಾಕು ಅಂತ. ಪಿನೆಲಸ್‌ನಲ್ಲೇ ಯಾವ ಝೋನ್‌ಗೂ ಸೇರದ ಎತ್ತರದ ಜಾಗಗಳಿವೆ. ಅಲ್ಲಿ 2002ರ ನಂತರ ಕಟ್ಟಿದ ಮನೆಯಲ್ಲಿರುವ ಸ್ನೇಹಿತರು ಯಾರಾದರೂ ಇದ್ದಾರಾ? ಕನ್ನಡ ಸಂಘದಲ್ಲಿ ವಿಚಾರಿಸಿ. ಇದ್ದರೆ ಹರಿಕೇನ್ ಬರುವ ಮೊದಲೇ ಮಾತಾಡಿ ಒಪ್ಪಿಗೆ ತಗೊಳ್ಳಿ. ಇಪ್ಪತ್ತು ನಿಮಿಷದ ದಾರಿ. ಅಪ್ಪ-ಅಮ್ಮನಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ನನ್ನ ಮೊದಲ ಸಲಹೆ ಇದೇ.

ಅದು ಆಗದಿದ್ದರೆ ಲೇಕ್‌ಲ್ಯಾಂಡ್ ಕಡೆ ಒಳನಾಡಿನಲ್ಲಿ ಹೋಟೆಲ್. ಕ್ಯಾನ್ಸಲ್ ಮಾಡಬಹುದಾದ ರೂಮನ್ನು ಮುನ್ಸೂಚನೆ ನಿಮ್ಮ ಕಡೆ ತಿರುಗಿದ ದಿನವೇ ಬುಕ್ ಮಾಡಿ. ಆಮೇಲೆ ಸಿಗುವುದಿಲ್ಲ. ಆದರೆ ನೀವಿರುವುದು ಮೂರು ಕಡೆ ನೀರಿರುವ ಜಾಗ, ಸೇತುವೆ ದಾಟಬೇಕು. ಗಾಳಿ ಜೋರಾದರೆ ಸನ್‌ಶೈನ್ ಸ್ಕೈವೇ ಸೇತುವೆ ಮುಚ್ಚುತ್ತಾರೆ. ಕರ್ಟ್ನಿ ಕ್ಯಾಂಬೆಲ್ ಕಾಸ್‌ವೇಯಂಥ ತಗ್ಗು ದಾರಿಗಳ ಮೇಲೆ ನೀರು ಮೊದಲೇ ಬಂದುಬಿಡುತ್ತೆ. ಐಕ್ ಸಮಯದಲ್ಲಿ ಬೊಲಿವರ್‌ನಲ್ಲಿ ಕಣ್ಣು ಇನ್ನೂ ದೂರ ಇರುವಾಗಲೇ ರಸ್ತೆ ಮುಳುಗಿ, ಆಮೇಲೆ ಮನಸ್ಸು ಬದಲಿಸಿದವರಿಗೆ ದಾರಿಯೇ ಇರಲಿಲ್ಲ. ಹರಿಕೇನ್ ಬರಬಹುದು ಅನ್ನುವ ಎಚ್ಚರಿಕೆ, ಅಂದರೆ ವಾಚ್, ಕೊಡುವುದು ಜೋರು ಗಾಳಿ ಮುಟ್ಟುವ 48 ಗಂಟೆ ಮೊದಲು, ಬರುವ ನಿರೀಕ್ಷೆ ಇದೆ ಅನ್ನುವ ವಾರ್ನಿಂಗ್ 36 ಗಂಟೆ ಮೊದಲು. ನೀವು ವಾಚ್ ಬಂದಾಗಲೇ, ಬೆಳಕಿರುವಾಗ ಹೊರಡಿ. ಪೂರ್ವ ತೀರಕ್ಕೆ ಹೋದರೆ ಬಚಾವ್ ಅಂತಲೂ ಅಂದುಕೊಳ್ಳಬೇಡಿ. ಮಿಲ್ಟನ್ ದಿನ ಸೇಂಟ್ ಲೂಸಿ ಕೌಂಟಿಯಲ್ಲಿ ಟಾರ್ನೇಡೋಗೆ (ಸುಂಟರಗಾಳಿಗೆ) ಆರು ಜನ ಸತ್ತರು. ದಾರಿಯಲ್ಲಿ ನೀರು ಹರಿಯುತ್ತಿದ್ದರೆ ಕಾರು ಇಳಿಸಬೇಡಿ, ಒಂದಡಿ ನೀರು ಸಣ್ಣ ಕಾರನ್ನು ತೇಲಿಸಿಬಿಡುತ್ತೆ.

ಕೊನೆಯ ದಾರಿ ಕೌಂಟಿ ಶೆಲ್ಟರ್, ಅಂದರೆ ಆಶ್ರಯ ಕೇಂದ್ರ. ಸಾಮಾನ್ಯವಾಗಿ ಶಾಲೆ ಕಟ್ಟಡ. ಜೀವಕ್ಕೆ ಭದ್ರ, ಸುಖ ಇಲ್ಲ. ಹಾಸಿಗೆ, ಹೊದಿಕೆ, ಔಷಧಿ ನೀವೇ ಒಯ್ಯಬೇಕು. ಅಮ್ಮನಿಗೆ ನೆಲದಲ್ಲಿ ಕೂತು ಏಳಲು ಆಗುವುದಿಲ್ಲ ಅಲ್ವಾ, ಮಡಚುವ ಕುರ್ಚಿ ಮತ್ತು ಮಂಚ ಒಯ್ಯಿರಿ. ವೈದ್ಯಕೀಯ ಸಹಾಯ ಬೇಕಾದವರಿಗೆ ವಿಶೇಷ ಶೆಲ್ಟರ್‌ಗಳಿವೆ. ಅದಕ್ಕೆ ಮೊದಲೇ ಹೆಸರು ಬರೆಸಬೇಕು. ಅಪ್ಪ-ಅಮ್ಮ ಬಂದಿಳಿದ ವಾರವೇ ಕೌಂಟಿಗೆ ಫೋನ್ ಮಾಡಿ ಕೇಳಿ.

ಝೋನ್ ಎಗೆ ಮಾತ್ರ ಆದೇಶ ಬಂದರೆ? ನೀವಿಬ್ಬರೇ ಆಗಿದ್ದರೆ ಮನೆಯಲ್ಲಿರಬಹುದು ಅನ್ನುತ್ತಿದ್ದೆ. ಅಪ್ಪ-ಅಮ್ಮ ಇರುವಾಗ ಆಗಲೂ ಸ್ನೇಹಿತರ ಮನೆಗೆ ಹೋಗಿ. ಯಾವ ಝೋನ್‌ಗೂ ಆದೇಶ ಇಲ್ಲದಿದ್ದರೆ ಮನೆಯಲ್ಲೇ ಇರಿ, ಕಿಟಕಿ ಇಲ್ಲದ ಒಳಕೋಣೆ ನೋಡಿಟ್ಟುಕೊಳ್ಳಿ. ಗಾಳಿ ಒಮ್ಮೆಲೇ ನಿಂತರೆ ಹೊರಗೆ ಹೋಗಬೇಡಿ, ಕಣ್ಣು ಹಾದುಹೋಗುತ್ತಿರಬಹುದು. ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಮತ್ತೆ ಬೀಸುತ್ತೆ. ಯಾವುದೋ ಕಾರಣಕ್ಕೆ ಸಿಕ್ಕಿಹಾಕಿಕೊಂಡಿರಿ, ನೀರು ಬರುವ ಲಕ್ಷಣ ಕಾಣಿಸಿತು ಅಂದರೆ ರಸ್ತೆ ಒಣಗಿರುವಾಗಲೇ ಹತ್ತಿರದ ಗಟ್ಟಿ ಕಟ್ಟಡದ ಎರಡನೇ, ಮೂರನೇ ಮಹಡಿಗೆ ಹೋಗಿ. ಆ ಕಟ್ಟಡ ಯಾವುದು, ಯಾರನ್ನು ಕೇಳಬೇಕು ಅನ್ನೋದನ್ನು ಈಗಲೇ ಗೊತ್ತುಮಾಡಿಕೊಳ್ಳಿ.

ಬಿರುಗಾಳಿ ಹೋದ ಮೇಲೆ ಸಾಯುವವರೂ ಬಹಳ. ಜನರೇಟರನ್ನು ಗ್ಯಾರೇಜಿನಲ್ಲಿಟ್ಟು ಓಡಿಸಬೇಡಿ, ಬಾಗಿಲು ತೆರೆದಿದ್ದರೂ ಬೇಡ. ಮನೆಯಿಂದ 20 ಅಡಿ ದೂರ ಇರಲಿ. 2020ರ ಲಾರಾದಲ್ಲಿ ಲೂಸಿಯಾನಾದಲ್ಲಿ ಅದರ ಹೊಗೆಗೆ ಮನೆಮಂದಿಯೆಲ್ಲ ಬಲಿಯಾದದ್ದುಂಟು. ಎಸಿ ಇಲ್ಲದ ಸೆಕೆಯೂ ವಯಸ್ಸಾದವರಿಗೆ ದೊಡ್ಡ ಅಪಾಯ. 2017ರ ಇರ್ಮಾ ನಂತರ ಫ್ಲಾರಿಡಾದ ಒಂದೇ ನರ್ಸಿಂಗ್ ಹೋಮ್‌ನಲ್ಲಿ ಎಸಿ ಕೆಟ್ಟು 12 ಜನ ತೀರಿಕೊಂಡರು. ಕರೆಂಟ್ ಇಲ್ಲದಿದ್ದರೆ ಅಪ್ಪ-ಅಮ್ಮನನ್ನು ವಾಪಸ್ ಕರ್ಕೊಂಡು ಬರಬೇಡಿ. ಅಪ್ಪನ ಇನ್ಸುಲಿನ್ ಫ್ರಿಜ್ ಇಲ್ಲದೆಯೂ 86 ಡಿಗ್ರಿ ಫ್ಯಾರನ್‌ಹೀಟ್ ಒಳಗೆ ಸಾಮಾನ್ಯವಾಗಿ 28 ದಿನ ಇರುತ್ತೆ. ಆದರೆ ನಿಂತ ಕಾರಿನಲ್ಲಿ ಬಿಡಬೇಡಿ, ಐಸ್‌ಗೆ ನೇರವಾಗಿ ತಾಗಿಸಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಬಿಸಾಡಬೇಕು. ಅವರ ಪಾಸ್‌ಪೋರ್ಟ್, ವಿಸಿಟರ್ ಇನ್ಶೂರೆನ್ಸ್ ಕಾಗದ, ಊರಿನ ಡಾಕ್ಟರ ಚೀಟಿ ಎಲ್ಲ ನೀರು ಹೋಗದ ಒಂದು ಚೀಲದಲ್ಲಿರಲಿ. ಎಲೆಕ್ಟ್ರಿಕ್ ಕಾರು ಇದ್ದು ಅದನ್ನು ಬಿಟ್ಟು ಹೋಗುವುದಾದರೆ ಗ್ಯಾರೇಜಿನಲ್ಲಿ ಬಿಡಬೇಡಿ, ಎತ್ತರದ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ. ಉಪ್ಪು ನೀರು ಹೊಕ್ಕ ಬ್ಯಾಟರಿಗೆ ದಿನಗಳಾದ ಮೇಲೂ ಬೆಂಕಿ ಹತ್ತುತ್ತೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಮಾಮೂಲಿ ಮನೆ ಇನ್ಶೂರೆನ್ಸ್‌ನಲ್ಲಿ ಸರ್ಜ್ ನೀರಿನ ಹಾನಿ ಬರುವುದಿಲ್ಲ. ಫ್ಲಡ್ ಪಾಲಿಸಿ ಬೇರೆ ತಗೋಬೇಕು. ಸರ್ಕಾರದ ಯೋಜನೆಯಲ್ಲಿ ಮನೆಗೆ 2,50,000 ಡಾಲರ್, ಸಾಮಾನಿಗೆ 1,00,000 ಡಾಲರ್‌ವರೆಗೆ ಸಿಗುತ್ತೆ. ಆದರೆ ಪಾಲಿಸಿ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು. ಹರಿಕೇನ್ ಹೆಸರು ಟಿವಿಯಲ್ಲಿ ಬಂದ ಮೇಲೆ ಮಾಡಿಸಿದರೆ ಪ್ರಯೋಜನ ಇಲ್ಲ. ಸೀಸನ್ ಜೂನ್ 1ಕ್ಕೆ ಶುರು, ನವೆಂಬರ್ 30ರವರೆಗೆ. ಪಾಲಿಸಿ ಇಲ್ಲದಿದ್ದರೆ ಈ ವಾರವೇ ಏಜೆಂಟ್‌ಗೆ ಫೋನ್ ಮಾಡಿ.